ಕೈ ಹಿಡಿದ ಹಕೀಮರು

ಶುಕ್ರವಾರ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ನಮ್ಮ ಮನೆಯಲ್ಲಿ ಎಲ್ಲರೂ ಅಬ್ಬನ ಮುಂದೆ ಕೈ ಚಾಚಬೇಕಿತ್ತು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಆ ಮನೆಯ ಮುಂದಿನ ಕೋಣೆಯೇ ಅಬ್ಬನ ದವಾಖಾನೆ. ಗೋಡೆಯುದ್ದಕ್ಕೂ ಗಾಜಿನ ಭರಣಿಗಳ ಕಪಾಟು, ಕಿಟಕಿಯ ಪಕ್ಕ ಅವರು ಕೂರುವ ಮರದ ಮಂಚ, ಎದುರಿಗೆ ರೋಗಿಗಳ ಬೆಂಚು, ಒಳಮನೆಯ ಬಾಗಿಲಿಗೆ ಹಸಿರು ಪರದೆ. ಆ ಬೆಂಚಿನ ಮೇಲೆ ಮೊದಲು ಅಣ್ಣ, ಆಮೇಲೆ ನಾನು, ಕೊನೆಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಮ್ಮಿ. ಅಬ್ಬ ಕಣ್ಣು ಮುಚ್ಚಿ ನಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು, ದೂರದ ಸದ್ದಿಗೆ ಕಿವಿ ಕೊಟ್ಟವರ ಹಾಗೆ ತಲೆ ಬಾಗಿಸಿ ಕೂರುತ್ತಿದ್ದರು. ಆಮೇಲೆ ತೀರ್ಪು. ಆ ವಾರ ಯಾರು ಏನು ತಿನ್ನಬೇಕು, ಏನು ಮುಟ್ಟಬಾರದು ಎಂಬುದು ಅಲ್ಲೇ ಇತ್ಯರ್ಥ. ನಿದ್ದೆ ಬಂತಾ, ಹಸಿವಾಯಿತಾ, ಎಲ್ಲಾದರೂ ನೋವಿದೆಯಾ ಎಂದು ಅವರು ಒಂದು ಮಾತು ಕೇಳಿದ್ದು ನನಗೆ ನೆನಪಿಲ್ಲ. ಹಕೀಮ ಕೇಳುವುದಿಲ್ಲ, ನಾಡಿಯೇ ಹೇಳುತ್ತದೆ ಎನ್ನುವುದು ಅವರ ಹೆಮ್ಮೆ. ಅವರ ಅಪ್ಪನೂ ಕೇಳಿದವರಲ್ಲವಂತೆ. ನಮ್ಮ ಮನೆಮಾತು ಉರ್ದು. ಓದುವವರಿಗೆ ತೊಡಕಾಗಬಾರದೆಂದು ಇಲ್ಲಿ ಹೆಚ್ಚಿನದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಮಿಜಾಜು ಅಂದರೆ ಠೇಂಕಾರ. ‘ಏನ್ಲಾ ಇವುನ್ ಮಿಜಾಜು’ ಅಂತ ಸಂತೆಯಲ್ಲಿ ಯಾರಾದರೂ ಅಂದಾಗ ನನಗೆ ನಗು ಬರುತ್ತಿತ್ತು. ನಮ್ಮ ಮನೆಯಲ್ಲಿ ಮಿಜಾಜು ಅಂದರೆ ಮನುಷ್ಯ ಹುಟ್ಟುವಾಗಲೇ ತಂದ ಮೈಗುಣ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಇವುಗಳಲ್ಲಿ ಯಾವುದು ಮುಂದೋ ಅದನ್ನು ನೋಡಿ ಮೈ ಬಿಸಿಯೋ ತಂಪೋ, ಹಸಿಯೋ ಒಣಕಲೋ ಎಂದು ಹೇಳುವುದು. ಅಣ್ಣನದು ರಕ್ತದ ಮಿಜಾಜು, ಅವನಿಗೆ ಎಲ್ಲವೂ ಆಗುತ್ತಿತ್ತು. ನನ್ನದು ಪಿತ್ತದ್ದು, ಮಾವಿನಹಣ್ಣು, ಮೊಟ್ಟೆ, ಆಲೆಮನೆಯ ಬಿಸಿ ಬೆಲ್ಲ ಯಾವುದೂ ಕೂಡದು. ನಾನು ಎದುರು ಮಾತಾಡಿದರೆ ಅದೂ ಪಿತ್ತ. ಅಮ್ಮಿಯದು ಕಫದ ಮಿಜಾಜು ಎಂದು ಮದುವೆಯಾದ ವಾರವೇ ತೀರ್ಮಾನವಾಗಿತ್ತಂತೆ. ಮೊಸರು, ಬಾಳೆಹಣ್ಣು, ಸೌತೆಕಾಯಿ ಬಂದ್. ಅವಳು ನೀರು ಹೊತ್ತು ಏದುಸಿರು ಬಿಟ್ಟರೆ ಕಫ, ಮುಖ ಬಿಳಿಚಿಕೊಂಡರೆ ಕಫ, ಅಕ್ಕಿ ಆರಿಸುತ್ತ ಮೊರದ ಮೇಲೆ ತಲೆ ವಾಲಿದರೆ ಅದೂ ಕಫ. ಒಂದೇ ಒಲೆಯ ಮೇಲೆ ಅವಳು ಒಬ್ಬೊಬ್ಬರಿಗೆ ಒಂದೊಂದು ಬಗೆ ಬೇಯಿಸಿ, ನಮಗೆಲ್ಲ ಬಡಿಸಿ, ತನ್ನ ಪಾಲಿಗೆ ಮೆಣಸಿನ ತಿಳಿಸಾರು ಮುದ್ದೆ ಇಟ್ಟುಕೊಂಡು ಗೋಡೆಗೆ ಒರಗಿ ಉಣ್ಣುತ್ತಿದ್ದಳು. ಒಬ್ಬರ ಹಣೆಗೆ ಒಂದು ಮಾತು ಅಂಟಿಸಿಬಿಟ್ಟರೆ ಆಮೇಲೆ ಅವರನ್ನು ನೋಡುವ ಕೆಲಸ ತಪ್ಪುತ್ತದೆ. ನಿಮ್ಮ ಮನೆಯಲ್ಲೂ ‘ಅವಳು ಇರೋದೇ ಹಾಗೆ’ ಅನ್ನಿಸಿಕೊಂಡವರು ಯಾರಾದರೂ ಇದ್ದರೆ, ಈ ಪುಸ್ತಕ ಕೆಳಗಿಟ್ಟು ಒಂದು ಸಲ ಅವರ ಮುಖ ನೋಡಿ ಬನ್ನಿ. ಕಥೆ ಎಲ್ಲಿಗೂ ಓಡಿ ಹೋಗುವುದಿಲ್ಲ.

ಇದೆಲ್ಲ ಎಲ್ಲಿಂದ ಬಂತು ಅಂದರೆ ಅಬ್ಬ ಗೋಡೆಯ ಗೂಡಿನ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ದಪ್ಪ ಪುಸ್ತಕ. ಫಾರಸಿಯದು, ಅಜ್ಜನ ಕಾಲದ್ದು. ಬಾಗ್ದಾದು, ಬುಖಾರಾ ಕಡೆಯ ದೊಡ್ಡ ಹಕೀಮರು ಸಾವಿರ ವರ್ಷದ ಹಿಂದೆ ಬರೆದದ್ದರ ಸಾರ ಅದರಲ್ಲಿದೆ, ವಿಲಾಯಿತಿ ಡಾಕ್ಟರುಗಳೂ ಒಂದು ಕಾಲಕ್ಕೆ ಅವರ ಬರಹ ಓದಿಯೇ ವೈದ್ಯ ಕಲಿತದ್ದು ಎಂದು ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳುತ್ತಿದ್ದರು. ಅದು ಸುಳ್ಳಲ್ಲ ಎಂದು ಈಗ ನನಗೂ ಗೊತ್ತು. ಆದರೆ ಅಬ್ಬ ಅದನ್ನು ಬಿಚ್ಚಿ ಓದಿದ್ದನ್ನು ನಾನು ನೋಡಲಿಲ್ಲ. ಅವರಿಗೆ ಫಾರಸಿ ಬರುತ್ತಿರಲಿಲ್ಲ. ಅಜ್ಜ ಬಾಯಲ್ಲಿ ಹೇಳಿಕೊಟ್ಟಷ್ಟೇ ಅವರ ಬಂಡವಾಳ. ಅಮ್ಮಿಗಂತೂ ಅದು ವೈದ್ಯದ ಪುಸ್ತಕ ಎನ್ನುವುದೇ ಮನಸ್ಸಿಗೆ ಬರುತ್ತಿರಲಿಲ್ಲ. ಅಕ್ಷರ ಖುರಾನಿನ ಅಕ್ಷರದ ಹಾಗಿದೆಯಲ್ಲ, ಅಷ್ಟು ಸಾಕು. ನಮಾಜಿಗೆ ತೊಳೆದುಕೊಳ್ಳುವ ಹಾಗೆ ಕೈಕಾಲು ತೊಳೆದೇ ಅದರ ಧೂಳು ಒರೆಸುತ್ತಿದ್ದಳು, ಆ ಗೋಡೆಯ ಕಡೆ ಕಾಲು ಚಾಚಿ ಮಲಗಲು ನಮ್ಮನ್ನು ಬಿಡುತ್ತಿರಲಿಲ್ಲ. ಹೀಗೆ ಆ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಎಲ್ಲ ಮರ್ಯಾದೆಯೂ ಸಿಕ್ಕಿತು, ಓದಿಸಿಕೊಳ್ಳುವುದೊಂದು ಬಿಟ್ಟು.

ಪಾಂಡವಪುರ, ನಾಗಮಂಗಲ, ಅತ್ತ ಶೀಳನೆರೆ ಕಡೆಯಿಂದೆಲ್ಲ ಜನ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬಂದವರು ಹಕೀಮರಿಗೇ ಪರೀಕ್ಷೆ ಇಡುತ್ತಿದ್ದರು. ಬಾಯಿ ಬಿಡದೆ ಕೈ ಮಾತ್ರ ಕೊಡುವುದು. ಶೀಳನೆರೆಯ ಗೌಡರೊಬ್ಬರು ತಮ್ಮ ಮಗನನ್ನು ಬೆಂಚಿನ ಮೇಲೆ ಕೂರಿಸಿ ಎಚ್ಚರಿಸಿದ್ದು ಇನ್ನೂ ಕಿವಿಯಲ್ಲಿದೆ.

“ನೀ ಏನೂ ಯೋಳ್ಬ್ಯಾಡ ಕಣ್ಲಾ, ಸುಮ್ಕೆ ಕೈ ಕೊಡು. ಒಟ್ಟೆ ಒಳ್ಗೆ ಏನೈತೆ ಅಂತ ಸಾಬ್ರೇ ಯೋಳ್ತಾರೆ.”

ಅಬ್ಬ ಕಣ್ಣು ಮುಚ್ಚಿ ತಲೆ ಬಾಗಿಸಿ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಎದೆಯುರಿ, ಮನಸ್ಸಿನಲ್ಲಿ ಏನೋ ಕೊರಗು ಎಂದರು. ಗೌಡರು ತೊಡೆ ತಟ್ಟಿಕೊಂಡರು. ಪರದೆಯ ಸಂದಿಯಿಂದ ನೋಡುತ್ತಿದ್ದ ನನಗೆ ಗುಟ್ಟು ಗೊತ್ತಿತ್ತು. ಕಣ್ಣು ಮುಚ್ಚುವ ಮುಂಚೆಯೇ ಅಬ್ಬ ಆ ಹುಡುಗನ ಒಡೆದ ಹಿಮ್ಮಡಿ, ಬೀಡಿಯಿಂದ ಹಳದಿಯಾದ ಬೆರಳು, ಅಪ್ಪನ ಕಡೆ ತಿರುಗದ ಮುಖ ಎಲ್ಲ ನೋಡಿ ಮುಗಿಸಿದ್ದರು. ಗಿರಾಕಿ ಬಾಯಿ ತೆರೆಯುವ ಮೊದಲು ಅವನ ಕಾಲು ನೋಡು, ಕೈ ನೋಡು ಎಂಬ ವ್ಯಾಪಾರದ ಮೊದಲ ಪಾಠ ನನಗೆ ಸಿಕ್ಕಿದ್ದು ಆ ಪರದೆಯ ಹಿಂದೆಯೇ. ಅಷ್ಟು ಮಟ್ಟಿಗೆ ಅವರ ಋಣ ಒಪ್ಪುತ್ತೇನೆ. ಎಷ್ಟೋ ಜನಕ್ಕೆ ಗುಣವೂ ಆಗುತ್ತಿತ್ತು. ಹೊರಗಿನವರನ್ನು ಅಷ್ಟು ಚೂಪಾಗಿ ನೋಡಬಲ್ಲ ಮನುಷ್ಯ ಮನೆಯವಳನ್ನು ನೋಡಲಿಲ್ಲವಲ್ಲ ಎನ್ನುವುದೇ ನನ್ನ ಹೊಟ್ಟೆಯುರಿ. ನೋಡಲು ಬಾರದವರಾಗಿದ್ದರೆ ಯಾವತ್ತೋ ಕ್ಷಮಿಸಿಬಿಡುತ್ತಿದ್ದೆ.

ಹೆಂಗಸರು ಬಂದಾಗ ಮಾತ್ರ ಈ ಮೌನದ ಆಟ ನಡೆಯುತ್ತಿರಲಿಲ್ಲ. ಜೊತೆಗೆ ಬಂದ ಅತ್ತೆಯೋ ತಾಯಿಯೋ ತಡೆಯಲಾರದೆ ಹೇಳಿಬಿಡುತ್ತಿದ್ದರು. ಮುಟ್ಟು ನಿಲ್ಲದೆ ಹೋಗುತ್ತಿದೆ ಎಂದರೆ ಅಬ್ಬ ಕಪಾಟಿನ ಕೆಳಸಾಲಿನ ಭರಣಿ ತೆಗೆಸುತ್ತಿದ್ದರು. ಅದರಲ್ಲಿ ಗಿಲೆ ಅರ್ಮನಿ ಎಂಬ ಕೆಂಪು ಮಣ್ಣು. ಹಳೆಯ ಹಕೀಮರು ರಕ್ತ ನಿಲ್ಲಿಸಲು ಹೇಳಿದ ಮದ್ದು. ಕಲ್ಬತ್ತಿನಲ್ಲಿ ಅದನ್ನು ಕುಟ್ಟಿ ಪುಡಿ ಮಾಡಿಡುವುದು ನನ್ನ ಕೆಲಸವಾದ್ದರಿಂದ ಭರಣಿಯ ಮಟ್ಟ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಚಳಿಗಾಲ, ಬಂದ ರೋಗಿಗಳಿಗೂ ಇಳಿದ ಮಣ್ಣಿಗೂ ತಾಳೆಯಾಗದೆ ಹೋಯಿತು. ಅಬ್ಬನ ಕಣ್ಣಿಗೂ ಬಿತ್ತು. ಯಾವತ್ತೂ ಕೇಳದವರು ಆವತ್ತು ಕೇಳಿದರು, ಯಾರು ತೆಗೆದದ್ದು ಎಂದು. ಯಾಕೆ ಎಂದಲ್ಲ, ಯಾರು ಎಂದು. ಅಣ್ಣ ನನ್ನ ಕಡೆ ಕಣ್ಣು ಹೊರಳಿಸಿದ. ನಾನಲ್ಲ ಎಂದು ಎಷ್ಟು ಹೇಳಿದರೂ ಅಬ್ಬ ನನ್ನ ಕೈ ಎಳೆದುಕೊಂಡು ಬೆರಳಿಟ್ಟು ಕಣ್ಣು ಮುಚ್ಚಿದರು.

“ಇವಳೇ. ನಾಡಿ ಹೇಳ್ತಿದೆ. ಪಿತ್ತ ಕೆರಳಿದಾಗ ಮಣ್ಣಿನ ಮೇಲೆ ಆಸೆ ಹುಟ್ಟುತ್ತೆ.”

ಆ ವಾರವೆಲ್ಲ ಬೆಳಿಗ್ಗೆ ಬರಿಹೊಟ್ಟೆಗೆ ನನಗೆ ನೆಲಬೇವಿನ ಕಷಾಯ. ಕುಡಿಸುತ್ತಿದ್ದವಳು ಅಮ್ಮಿ. ಕಣ್ಣು ಕೆಳಗೆ ಹಾಕಿಕೊಂಡೇ ಲೋಟ ಹಿಡಿಯುತ್ತಿದ್ದಳು, ನಾನು ಕುಡಿದಾದ ಮೇಲೆ ನನಗೆ ಕೂಡದೆಂದಿದ್ದ ಬೆಲ್ಲದ ಚೂರೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಬಾಯಿಗಿಡುತ್ತಿದ್ದಳು. ಆ ಕಹಿ ಬೆಲ್ಲಕ್ಕೆ ಹೋಗಲಿಲ್ಲ. ಮುಂದೆ ನಾನು ಅದೇ ನೆಲಬೇವಿನ ಕಡ್ಡಿಯನ್ನು ಮಾರಿ ಬದುಕಿದವಳು, ಇವತ್ತಿಗೂ ಅದರ ವಾಸನೆಗೆ ನನ್ನ ಬಾಯಿ ಮುಚ್ಚಿಕೊಳ್ಳುತ್ತದೆ.

ಕಬ್ಬು ಕಡಿಯುವ ಕಾಲ ಶುರುವಾಗಿತ್ತು. ಒಂದು ಬೆಳಿಗ್ಗೆ ಅಮ್ಮಿ ಒಲೆಯ ಮುಂದೆ ಕೂತವಳು ಏಳಲಾರದೆ ಹಾಗೇ ಮಗ್ಗುಲಿಗೆ ವಾಲಿದಳು. ಹಾಲು ಹಾಕಲು ಬಂದಿದ್ದ ಪುಟ್ಟಮ್ಮ ಪಾತ್ರೆ ಬಿದ್ದ ಸದ್ದಿಗೆ ಪರದೆ ಸರಿಸಿಕೊಂಡು ಒಳಗೇ ಬಂದಳು. ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಅಮ್ಮಿಯ ಸೀರೆ ನೋಡಿದಳು, ಹಿತ್ತಿಲಲ್ಲಿ ಗೋಣಿತಾಟಿನ ಮರೆಗೆ ಒಣಗಲು ಹಾಕಿದ್ದ ಬಟ್ಟೆಯ ತುಂಡುಗಳನ್ನು ನೋಡಿದಳು. ಹೊರಗೆ ಬಂದು, ರೋಗಿಗಳು ಕೂತಿದ್ದಾರೆ ಅನ್ನುವುದನ್ನೂ ಲೆಕ್ಕಿಸದೆ ಅಬ್ಬನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಊರೋರ ಕೈಯೆಲ್ಲ ಇಡ್ಕತೀರಲ್ಲ ಸಾಬ್ರೇ, ಮನೆಯೋಳ ಮೊಖ ನೋಡಿದ್ದೀರಾ? ಸುಣ್ಣ ಬಳ್ದಂಗೆ ಆಗವ್ಳೆ. ನಾಡಿ ಇರ್ಲಿ, ಮೈಯಾಗೆ ರಕ್ತ ಐತೇನೋ ಮೊದ್ಲು ನೋಡಿ. ಮೈಸೂರ್ಗೆ ಕರ್ಕೊಂಡೋಗಿ ಅಂದೆ.”

ಬೆಂಚಿನ ಮೇಲಿದ್ದವರ ಎದುರು ಆ ಮಾತು ಬೀಳದಿದ್ದರೆ ಅಬ್ಬ ಹೊರಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಮೈಸೂರಿನ ಒಂದು ಆಸ್ಪತ್ರೆಗೆ ಬಸ್ಸಿನಲ್ಲಿ ಹೋದೆವು. ಹೆಂಗಸರ ಡಾಕ್ಟರು, ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಅಬ್ಬ ಓಣಿಯಂಥ ಪಡಸಾಲೆಯಲ್ಲಿ ನಿಂತರು. ಅಮ್ಮಿಗೆ ಕನ್ನಡ ಅರ್ಥವಾಗುತ್ತಿದ್ದರೂ ಹೊರಗಿನವರ ಮುಂದೆ ಆ ವಿಷಯ ಹೇಳುವಷ್ಟು ನಾಲಿಗೆ ತಿರುಗುತ್ತಿರಲಿಲ್ಲ. ಆದ್ದರಿಂದ ನಡುವೆ ನಾನು. ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಕುರ್ಚಿ ಹತ್ತಿರಕ್ಕೆ ಜರುಗಿಸಿಕೊಂಡರು.

“ಯಾವಾಗಿನಿಂದ ಹೀಗಾಗ್ತಿದೆ ಅಂತ ನಿಮ್ಮಮ್ಮನ್ನ ಕೇಳು ಪುಟ್ಟಿ.”

ಹೀಗೆ, ನನ್ನ ಬುದ್ಧಿ ತಿಳಿದ ಮೇಲೆ ಮೊದಲ ಸಲ ನಮ್ಮ ಮನೆಯವರೊಬ್ಬರು ಅಮ್ಮಿಯನ್ನು ಏನಾಗುತ್ತಿದೆ ಎಂದು ಕೇಳಿದಂತಾಯಿತು. ಅದೂ ಇನ್ನೊಬ್ಬರು ಕೇಳಿಸಿದ್ದಕ್ಕೆ.  ಅಮ್ಮಿ ಹೇಳತೊಡಗಿದಳು. ಹಿಂದಿನ ರಂಜಾನಿನಿಂದ ಶುರುವಾದದ್ದು, ನಡುವೆ ಕೆಲವು ದಿನ ನಿಂತು ಮತ್ತೆ ಬಂದದ್ದು, ಕಾಲಿನಲ್ಲಿ ಜೀವವಿಲ್ಲದ್ದು, ಕಿವಿಯೊಳಗೆ ಗುಂಯ್ ಎನ್ನುವುದು. ಎಲ್ಲವೂ ಸರದಿಯಲ್ಲಿ, ಒಂದೂ ತಪ್ಪದೆ. ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡು ಯಾರಾದರೂ ಬಾಗಿಲು ತಟ್ಟಲಿ ಎಂದು ಕಾದಿದ್ದವಳ ಹಾಗೆ. ಅವಳಿಗೆ ಅಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ಕೆಂಪು ಮಣ್ಣು ತಿಂದದ್ದು ತಾನೇ ಎಂದೂ ಹೇಳಿದಳು. ಪರದೆಯ ಹಿಂದೆ ಕೂತು, ಅಬ್ಬ ಬೇರೆ ಹೆಂಗಸರಿಗೆ ಹೇಳಿದ್ದನ್ನು ಕೇಳಿಸಿಕೊಂಡು, ತನ್ನ ರೋಗಕ್ಕೆ ತಾನೇ ಮದ್ದು ಮಾಡಿಕೊಂಡಿದ್ದಳು. ಅದನ್ನು ಹೇಳುವಾಗ ಮಾತ್ರ ನನ್ನ ಗಲ್ಲ ಸವರಿದಳು. ಡಾಕ್ಟರಮ್ಮನ ಮುಖ ಬಿಗಿಯಾಯಿತು.

“ಇಷ್ಟೆಲ್ಲ ಆಗೋವರೆಗೂ ಯಾಕೆ ಸುಮ್ಮನಿದ್ರು ಅಂತ ಕೇಳು.”

ಕೇಳಿದೆ. ಅಮ್ಮಿ ನಕ್ಕಳು.

“ಕೋಯಿ ಪೂಛೇಚ್ ನೈ, ಬೇಟಿ.”

ನಾನು ಕನ್ನಡ ಮಾಡಿದೆ: “ಯಾರೂ ಕೇಳಲಿಲ್ಲವಂತೆ.”

ಉರ್ದುವಿನಲ್ಲಿ ಪ್ರಶ್ನೆ ಕೇಳುವುದಕ್ಕೆ ಪೂಛ್ನಾ, ಹೇಳಿದ್ದಕ್ಕೆ ಕಿವಿಗೊಡುವುದಕ್ಕೆ ಸುನ್ನಾ. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಒಂದೇ. ಅಮ್ಮಿ ಹೇಳಿದ್ದು, ಏನಾಗಿದೆ ಎಂದು ಯಾರೂ ವಿಚಾರಿಸಲಿಲ್ಲ ಅಂತ. ಡಾಕ್ಟರಮ್ಮ ತಿಳಿದದ್ದು, ಇವಳು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ. ಸರ್ರನೆ ಎದ್ದು ಪಡಸಾಲೆಗೆ ಹೋದರು.

“ಏನ್ರೀ, ಹೆಂಡತಿ ಬಾಯಿಬಿಟ್ಟು ಹೇಳಿದ್ರೂ ಕೇಳಲಿಲ್ವಂತಲ್ರೀ. ಸಾಲದ್ದಕ್ಕೆ ನೀವೇ ವೈದ್ಯರಂತೆ.”

ಅಬ್ಬ ಒಮ್ಮೆ ಒಳಗೆ ಅಮ್ಮಿಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು.  ಏನು ಹೇಳಿದಳು ಎಂದು ಆಗಲೇ ನನ್ನನ್ನು ಒಂದು ಮಾತು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಗರ್ಭಕೋಶದ ಗಡ್ಡೆ ಕೈ ಮೀರಿ ಬೆಳೆದಿದೆ ಎಂದು ಅವರಿಗೆ ಡಾಕ್ಟರು ಹೇಳಿದ್ದು ನನಗೆ ತಿಳಿದದ್ದು ಆಮೇಲೆ. ಮುಂದಿನ ಶುಕ್ರವಾರ ಅಣ್ಣನದಾಯಿತು, ನನ್ನದಾಯಿತು. ಅಮ್ಮಿ ಗೋಡೆ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕೂತು ಕೈ ಚಾಚಿದಳು. ಅಬ್ಬ ಎದ್ದು ಟೋಪಿ ಹಾಕಿಕೊಂಡು ಮಸೀದಿಗೆ ಹೊರಟುಬಿಟ್ಟರು. ಚಾಚಿದ ಕೈ ಹಾಗೇ ಇತ್ತು. ಆಮೇಲೆ ಅವಳು ಅದನ್ನು ತನ್ನ ಇನ್ನೊಂದು ಕೈಯಲ್ಲಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಯಾಕೆ ಹೀಗೆ ಎಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕಬ್ಬಿನ ಗಾಡಿಗಳು ರಸ್ತೆಯಿಂದ ಮಾಯವಾಗುವ ಹೊತ್ತಿಗೆ ಅವಳು ಹೋಗಿಬಿಟ್ಟಳು. ಅವರು ಮತ್ತೆ ಅವಳ ಕೈ ಮುಟ್ಟಲಿಲ್ಲ.

ಯಾಕೆಂದು ತಿಳಿದದ್ದು ನನ್ನ ಮದುವೆಯ ಮಾತುಕತೆಯ ಹೊತ್ತಿಗೆ. ಏನೋ ಒಂದಕ್ಕೆ ನಾನು ಎದುರು ಹೇಳಿದೆ. ಆಗ ಅಬ್ಬ ಎಷ್ಟೋ ವರ್ಷ ನುಂಗಿಕೊಂಡಿದ್ದನ್ನು ಕಾರಿದರು.

“ನನಗೆ ಹೇಳದೇ ಇದ್ದದ್ದನ್ನ ಹೇಳಿದ್ದೆ ಅಂತ ಡಾಕ್ಟರ ಮುಂದೆ ಸುಳ್ಳು ಹೇಳಿ ನನ್ನ ಮಾನ ಕಳೆದಳು ನಿನ್ನ ತಾಯಿ. ನೀನೂ ಅವಳ ಮಗಳೇ ತಾನೆ.”

ಆ ಮಾತಿನಿಂದ ಎಲ್ಲ ಒಮ್ಮೆಗೇ ಹೊಳೆಯಿತು. ಸರಿಪಡಿಸಬಹುದಿತ್ತು. ಆದರೆ ಅವರು ಹೇಳಿದರೇ ಹೊರತು ಕೇಳಲಿಲ್ಲ. ಕೇಳದವರಿಗೆ ಉತ್ತರ ಕೊಟ್ಟು ಬರುವ ವ್ಯಾಪಾರ ನನ್ನದಲ್ಲ.

ಮದುವೆಯಾಗಿ ಕೆ.ಆರ್. ಪೇಟೆಗೆ ಬಂದೆ. ಗಂಡನ ಟೆಂಪೊ ದುಡಿಮೆ ಸಾಲದೆ ನನಗೆ ಗೊತ್ತಿದ್ದ ಒಂದೇ ಸಾಮಾನು, ಬೇರು ತೊಗಟೆ ಕಡ್ಡಿಗಳನ್ನು, ಮನೆಯ ಜಗುಲಿಯ ಮೇಲಿಟ್ಟು ಮಾರತೊಡಗಿದೆ. ಅದೇ ಈಗ ಬಸ್‌ಸ್ಟ್ಯಾಂಡಿನ ಹತ್ತಿರದ ಗ್ರಂಥಿಗೆ ಅಂಗಡಿ. ಮೈಸೂರಿನ ಸಗಟು ಸಾಹುಕಾರರು ನನ್ನನ್ನು ಕಂಡರೆ ಮೊದಲು ನೀರು ಕುಡಿದು ಕೂರುತ್ತಾರೆ. ನನ್ನ ಚೌಕಾಸಿಯಲ್ಲಿ ಮಾಯೆ ಏನಿಲ್ಲ, ಕೇಳುತ್ತೇನೆ ಅಷ್ಟೆ. ಯಾವ ಊರಿನ ಮಾಲು, ಯಾವಾಗ ಒಣಗಿಸಿದ್ದು, ಯಾಕೆ ಇಷ್ಟು ದಿನ ಮಾರಾಟವಾಗದೆ ಉಳಿಯಿತು. ಕೇಳುತ್ತಾ ಹೋದರೆ ಮಾಲಿನವನೇ ಬೆಲೆ ಇಳಿಸಿಕೊಂಡು ಬರುತ್ತಾನೆ. ಮದ್ದು ಕೊಳ್ಳಲು ಬಂದವರನ್ನೂ ಬಿಡುವುದಿಲ್ಲ. ಯಾರಿಗೆ, ಎಷ್ಟು ದಿನದಿಂದ, ಆಸ್ಪತ್ರೆಗೆ ಹೋಗಿದ್ರಾ ಎಂದು ಕೇಳಿಯೇ ಪೊಟ್ಟಣ ಕಟ್ಟುವುದು. ಹೊಸಹೊಳಲಿನಿಂದ ಬರುವ ಹಳಬರೊಬ್ಬರು, ಇವಳ ಅಂಗಡೀಲಿ ಸೋಂಪು ತಗಳಾಕೂ ಜಾತಕ ಕೊಡಬೇಕು ಕಣ್ಲಾ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಮೊನ್ನೆ ಮೊನ್ನೆ ಯುನಾನಿ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ನಮ್ಮ ಪೇಟೆಯಲ್ಲೇ ಕ್ಲಿನಿಕ್ಕು ತೆರೆದಿದ್ದಾಳೆ. ಸಾಮಾನಿಗೆ ನನ್ನ ಅಂಗಡಿಗೇ ಬರುತ್ತಾಳೆ. ಅವಳ ಬಾಯಲ್ಲಿ ಆ ಹಳೆಯ ಹಕೀಮರ ಗುಣಗಾನ ಕೇಳಿ ಕೇಳಿ ಒಂದು ದಿನ ನನಗೆ ತಡೆಯಲಾಗಲಿಲ್ಲ. ನಿನ್ನ ಆ ದೊಡ್ಡವರ ವಿದ್ಯೆಯಿಂದಲೇ ನನ್ನ ತಾಯಿ ಹೋದದ್ದು ಕಣಮ್ಮ, ಕೈ ಹಿಡಿಯಲು ಕಲಿಸಿದರು, ಕೇಳಲು ಕಲಿಸಲಿಲ್ಲ ಎಂದೆ. ಅವಳು ತೂಕದ ತಟ್ಟೆಯ ಮೇಲಿನ ಕಣ್ಣು ತೆಗೆದು ನನ್ನನ್ನು ನೋಡಿದಳು.

“ಯಾರು ಹೇಳಿದ್ರು ಆಂಟಿ? ಅವರು ಪುಟಗಟ್ಟಲೆ ಬರೆದಿರೋದೇ ಕೇಳೋದರ ಬಗ್ಗೆ. ನಿದ್ದೆ ಕೇಳು, ಊಟ ಕೇಳು, ಮಾಡೋ ಕೆಲಸ ಕೇಳು, ಮನಸ್ಸಿನ ದುಃಖ ಕೇಳು ಅಂತ. ಕೇಳದೆ ಎಲ್ಲಾ ಹೇಳ್ತೀನಿ ಅನ್ನೋನನ್ನ ನಂಬಬೇಡಿ ಅಂತಾನೂ ಬರೆದವ್ರೆ. ಬರೀ ಕೈ ಹಿಡಿದು ಹೇಳೋದು ಜನರನ್ನ ಮೆಚ್ಚಿಸೋ ಆಟ.”

 ಅಷ್ಟು ಹೊತ್ತಿಗೆ ನಮ್ಮ ಪುಸ್ತಕವೂ ಇರಲಿಲ್ಲ, ತೆಗೆದು ತೋರಿಸು ಎನ್ನಲು. ಕೋಟೆಯ ಮನೆ ಮಾರುವಾಗ ಅಣ್ಣ ಅದನ್ನು ಹರಿದುಹೋದ ಖುರಾನಿನ ಹಾಳೆಗಳ ಜೊತೆ ಚೀಲಕ್ಕೆ ಹಾಕಿ ಮಸೀದಿಯವರಿಗೆ ಕೊಟ್ಟಿದ್ದ. ಆ ಅಕ್ಷರದ ಕಾಗದ ಕಸಕ್ಕೆ ಬೀಳಬಾರದಲ್ಲ. ಅವರು ಕ್ರಮದಂತೆ ಎಲ್ಲವನ್ನೂ ಕಾವೇರಿಗೆ ಬಿಟ್ಟರು. ಕೇಳು ಎಂದು ಬರೆದಿದ್ದರೆ ಅದೂ ನೀರಿನಲ್ಲಿ ಹೋಯಿತು. ಅಷ್ಟು ಕಾಲ ನಾನು ಬೈದುಕೊಂಡು ಬಂದದ್ದು ತಪ್ಪು ಜನರನ್ನು. ಸತ್ತು ಸಾವಿರ ವರ್ಷವಾದವರ ಮೇಲಿದ್ದ ಸಿಟ್ಟೂ ತಿರುಗಿ ಒಬ್ಬರ ಮೇಲೆಯೇ ಬಂದು ನಿಂತಿತು.

ಮನೆ ಮಾರಿದ ಮೇಲೆ ಆ ಒಬ್ಬರು ನನ್ನ ಹತ್ತಿರವೇ ಇದ್ದರು, ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಾಸಿಗೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಗಂಜಿ ಕೊಡುವಾಗ ನಾನು ಕೇಳುತ್ತಿದ್ದೆ, ಎಲ್ಲಿ ನೋವು, ರಾತ್ರಿ ನಿದ್ದೆ ಬಂತಾ. ಅವರು ಉತ್ತರ ಕೊಡದೆ ಮಣಿಕಟ್ಟು ಮೇಲೆ ಮಾಡಿ ಕೈ ಚಾಚುತ್ತಿದ್ದರು. ಬಾಯಲ್ಲಿ ಹೇಳಿ ಎಂದರೆ ಗೋಡೆಯ ಕಡೆ ತಿರುಗುವುದು. ಡಾಕ್ಟರ್ ಹುಡುಗಿ ಆ ಮಾತು ಹೇಳಿ ಹೋದ ಮೇಲೆ ಅದನ್ನು ಅವರಿಗೆ ಹಾಗೇ ದಾಟಿಸಿದೆ. ದೊಡ್ಡವರೆಲ್ಲ ಕೇಳಿ ಎಂದೇ ಬರೆದಿದ್ದಾರಂತೆ ಎಂದು.  ಕೆಲವು ದಿನ ಕಳೆದ ಮೇಲೆ, ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಚಾಚಿದ ಕೈಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ನನ್ನಿಂದ ಉತ್ತರ ಬಯಸಿ ಅವರು ಕೇಳಿದ ಮೊದಲ ಪ್ರಶ್ನೆ ಅದು. ಉರ್ದುವಿನಲ್ಲೇ ಕೇಳಿದರು.

“ಆವತ್ತು ಒಳಗೆ ನಿನ್ನಮ್ಮಿ ನಿಜವಾಗಿ ಏನು ಹೇಳಿದಳು?”

ಉರ್ದುವಿನಲ್ಲಿ ‘ಕೇಳು’ ಎನ್ನಲು ಎರಡು ಪದವಿದೆ, ಅಮ್ಮಿ ಅಂದದ್ದು ಯಾವುದೆಂದು ಹೇಳಿದ್ದರೆ ಅವರ ಒಂದು ಭಾರವಾದರೂ ಇಳಿಯುತ್ತಿತ್ತು. ಅವಳು ಸುಳ್ಳು ಹೇಳಿರಲಿಲ್ಲ ಎಂದು ತಿಳಿಯುತ್ತಿತ್ತು, ಜೊತೆಗೆ ತಾವು ಏನು ಮಾಡಲಿಲ್ಲ ಎಂಬುದೂ. ನಾನು ಕನ್ನಡದಲ್ಲಿ ಹೇಳಿದೆ.

“ಯಾರೂ ಕೇಳಲಿಲ್ಲ ಅಂದ್ಲು ಅಬ್ಬ.”

ಮುಂದಕ್ಕೆ ಇನ್ನೇನಾದರೂ ಹೇಳುತ್ತೇನೋ ಎಂದು ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಯಾವ ಕೇಳುವುದು ಎಂದು ಅವರು ಕೇಳಲಿಲ್ಲ. ಬೆಳಗಿನ ಬಸ್ಸು ಬಂದು, ಅಂಗಡಿ ಮುಂದೆ ಯಾರೋ ಅಕ್ಕಾ ಎಂದು ಕೂಗಿದರು. ನಾನು ಬಟ್ಟಲು ತೆಗೆದುಕೊಂಡು ಎದ್ದೆ.